ಕುರಿಯ ಕಾಲು, ಮನುಷ್ಯನ ಮೂಳೆ

ಊರುಗೋಲು ಹಿಡಿದು, ಮೊಣಕಾಲಿನ ಕೆಳಗೆ ಲೋಹದ ಉಂಗುರಗಳನ್ನು ಹಾಕಿಸಿಕೊಂಡು ನಿಧಾನವಾಗಿ ಹೆಜ್ಜೆಯಿಡುವವರು ಬೆಂಗಳೂರಿನ ಗಾಂಧಿ ಬಜಾರಿನ ಹೂವಿನ ಅಂಗಡಿಗಳ ಸಾಲಿನಲ್ಲಿ ಆಗಾಗ ಕಣ್ಣಿಗೆ ಬೀಳುತ್ತಾರೆ. ಬೈಕು, ಸ್ಕೂಟರಿನಿಂದ ಬಿದ್ದು ಕಾಲಿನ ಮೂಳೆ ಚೂರಾದವರೇ ಅವರಲ್ಲಿ ಹೆಚ್ಚು. ಉಂಗುರಗಳನ್ನು ಜೋಡಿಸುವ ಸರಳುಗಳಲ್ಲಿ ಪುಟ್ಟ ನಟ್ಟುಗಳಿರುತ್ತವೆ. ಕಳೆದುಹೋದ ಮೂಳೆಯ ಜಾಗದಲ್ಲಿ ಹೊಸದನ್ನು ಬೆಳೆಸಬೇಕಾದವರು ದಿನಕ್ಕೆ ನಾಲ್ಕು ಸಲ, ಸಲಕ್ಕೆ ಕಾಲು ಮಿಲಿಮೀಟರಿನಂತೆ, ಮನೆಯಲ್ಲೇ ಸ್ಪ್ಯಾನರ್ ಹಿಡಿದು ಆ ನಟ್ಟನ್ನು ತಿರುಗಿಸುತ್ತಾರೆ. ದಿನಕ್ಕೊಂದು ಮಿಲಿಮೀಟರ್ ಸಂದು ಬಿಡುತ್ತದೆ. ಆ ಸಂದಿನಲ್ಲಿ ಎಳೆಯ ಮೂಳೆ ಹುಟ್ಟುತ್ತದೆ.

ಈ ಲೆಕ್ಕವನ್ನು ಗಟ್ಟಿಮಾಡಿಕೊಟ್ಟದ್ದು ನಾಯಿಗಳು. ಸೈಬೀರಿಯಾದ ಕುರ್ಗಾನ್ ಪಟ್ಟಣದ ವೈದ್ಯ ಗವ್ರಿಲ್ ಇಲಿಜಾರೊವ್ ನಾಯಿಗಳ ಕಾಲಿನ ಮೂಳೆಯನ್ನು ಬೇರೆ ಬೇರೆ ವೇಗದಲ್ಲಿ ಎಳೆದು ನೋಡಿದ್ದರು. ದಿನಕ್ಕೆ ಅರ್ಧ ಮಿಲಿಮೀಟರ್ ಎಳೆದರೆ ಮೂಳೆ ಬೇಗನೆ ಕೂಡಿಕೊಂಡು ಉದ್ದವಾಗುವುದೇ ನಿಲ್ಲುತ್ತಿತ್ತು. ಎರಡು ಮಿಲಿಮೀಟರ್ ಎಳೆದರೆ ಸುತ್ತಲಿನ ಅಂಗಾಂಶ ಹಾಳಾಗುತ್ತಿತ್ತು. ಒಂದು ಮಿಲಿಮೀಟರ್ ಸರಿಹೊಂದಿತು. ಅದನ್ನೇ ಸಣ್ಣ ಕಂತುಗಳಲ್ಲಿ ಹಂಚಿದಾಗ ಫಲ ಇನ್ನೂ ಚೆನ್ನಾಗಿತ್ತು. 1989ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾದ ಈ ಪ್ರಯೋಗಗಳನ್ನು ದೊಡ್ಡ ಪ್ರಾಣಿಗಳ ಬಳಕೆಗೆ ಒಳ್ಳೆಯ ಮಾದರಿ ಎನ್ನಬಹುದು. ಕೇಳಿದ ಪ್ರಶ್ನೆ ಒಂದೇ, ಅದು ಸ್ಪಷ್ಟವಾಗಿತ್ತು. ಬಂದ ಉತ್ತರ ರೋಗಿಯ ಕೈಯಲ್ಲಿರುವ ಸ್ಪ್ಯಾನರಿನವರೆಗೂ ತಲುಪಿತು.

ಎಲ್ಲ ಪ್ರಯೋಗಗಳಿಗೂ ಇದೇ ಮಾತು ಹೇಳುವಂತಿಲ್ಲ.

ಬಿಎಂಪಿ-2 ಎಂಬ ಪ್ರೋಟೀನಿನ ಕಥೆ ನೋಡಿ. ಮೂಳೆಯೊಳಗೇ ಮೂಳೆ ಹುಟ್ಟಿಸುವ ವಸ್ತುವೊಂದಿದೆ ಎಂದು ಅಮೆರಿಕದ ಮಾರ್ಷಲ್ ಯೂರಿಸ್ಟ್ 1965ರಲ್ಲಿ ತೋರಿಸಿದರು. ಆ ಬಗೆಯ ಪ್ರೋಟೀನುಗಳಲ್ಲೊಂದನ್ನು ಮುಂದೆ ಕೃತಕವಾಗಿ ತಯಾರಿಸಿ ಇಲಿ, ಮೊಲ, ನಾಯಿ, ಕುರಿ, ಮಂಗಗಳ ಮೇಲೆ ಪರೀಕ್ಷಿಸಲಾಯಿತು. ಎಲ್ಲದರಲ್ಲೂ ಮೂಳೆ ಬೆಳೆಯಿತು. ಆದರೆ ಸಣ್ಣ ಪ್ರಾಣಿಗೆ ಸಾಕಾದ ಪ್ರಮಾಣ ಮಂಗಕ್ಕೆ ಸಾಲಲಿಲ್ಲ. ಮನುಷ್ಯನಿಗೆ ನಿಗದಿಯಾದದ್ದು ಮಿಲಿಲೀಟರಿಗೆ 1.5 ಮಿಲಿಗ್ರಾಂ. ಸೊಂಟದ ಭಾಗದ ಬೆನ್ನುಮೂಳೆ ಬೆಸೆಯಲು 2002ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇದಕ್ಕೆ ಒಪ್ಪಿಗೆ ಕೊಟ್ಟಿತು. ವೈದ್ಯರು ಅದನ್ನು ಕುತ್ತಿಗೆಯ ಮೂಳೆಗೂ ಬಳಸತೊಡಗಿದರು. ಕೆಲವರಿಗೆ ಗಂಟಲು ಊದಿ ಉಸಿರಾಟಕ್ಕೇ ತೊಂದರೆಯಾಯಿತು. 2008ರಲ್ಲಿ ಅದೇ ಸಂಸ್ಥೆ ಎಚ್ಚರಿಕೆ ಹೊರಡಿಸಬೇಕಾಯಿತು. ಅಡ್ಡಪರಿಣಾಮಗಳು ಮೊದಲು ವರದಿಯಾಗಿದ್ದಕ್ಕಿಂತ ಹತ್ತರಿಂದ ಐವತ್ತು ಪಟ್ಟು ಹೆಚ್ಚಿರಬಹುದು ಎಂದು 2011ರಲ್ಲಿ ಬೆನ್ನುಮೂಳೆ ತಜ್ಞರ ಪತ್ರಿಕೆಯೊಂದು ಬರೆಯಿತು.

ಇಲ್ಲಿ ದೊಡ್ಡ ತಪ್ಪು ಮನುಷ್ಯರ ಮೇಲಿನ ಪರೀಕ್ಷೆಗಳ ವರದಿಯಲ್ಲಿತ್ತು, ಅದನ್ನು ಪ್ರಾಣಿಗಳ ತಲೆಗೆ ಕಟ್ಟುವಂತಿಲ್ಲ. ಆದರೂ ಒಂದು ಪಾಠ ಉಳಿಯುತ್ತದೆ. ಪ್ರಾಣಿಗಳಲ್ಲಿ ಮುಖ್ಯವಾಗಿ ಅಳೆದದ್ದು ಮೂಳೆ ಕೂಡಿತೇ ಎಂಬುದನ್ನು. ಅಳೆಯದ್ದರ ಬಗ್ಗೆ ಪ್ರಾಣಿ ಎಷ್ಟೇ ದೊಡ್ಡದಿದ್ದರೂ ಏನನ್ನೂ ಹೇಳಲಾರದು.

ಮೂಳೆ ಸಂಶೋಧಕರು ಕುರಿಯನ್ನು ಇಷ್ಟಪಡಲು ಸಕಾರಣವಿದೆ. ಬಲಿತ ಮೆರಿನೊ ಕುರಿಯ ತೂಕ ಸುಮಾರಾಗಿ ಮನುಷ್ಯನಷ್ಟೇ. ಮನುಷ್ಯರಿಗೆ ಹಾಕುವ ಪ್ಲೇಟು, ಸ್ಕ್ರೂಗಳನ್ನೇ ಅದರ ಕಾಲಿಗೂ ಹಾಕಬಹುದು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ತಂಡವೊಂದು ಕುರಿಯ ಕಾಲಿನ ಮೂಳೆಯಲ್ಲಿ ಮೂರು ಸೆಂಟಿಮೀಟರ್ ತುಂಡು ತೆಗೆದು, ಆ ಜಾಗದಲ್ಲಿ ಪಾಲಿಮರ್ ಚೌಕಟ್ಟನ್ನು ಅದೇ ಬಗೆಯ ಇನ್ನೊಂದು ಪ್ರೋಟೀನಾದ ಬಿಎಂಪಿ-7 ಜತೆ ಕೂರಿಸಿತು. 2012ರಲ್ಲಿ ಪ್ರಕಟವಾದ ಆ ಅಧ್ಯಯನದ ಹೆಚ್ಚುಗಾರಿಕೆ ಹೋಲಿಕೆಯಲ್ಲಿದೆ. ಹೊಸ ಚಿಕಿತ್ಸೆಯನ್ನು ಖಾಲಿ ಬಿಟ್ಟ ಗಾಯದ ಜತೆ ಮಾತ್ರ ತೂಗದೆ, ಕುರಿಯದೇ ಸೊಂಟದ ಮೂಳೆ ತೆಗೆದು ತುಂಬುವ ಇಂದಿನ ಅತ್ಯುತ್ತಮ ಚಿಕಿತ್ಸೆಯ ಎದುರು ನಿಲ್ಲಿಸಲಾಯಿತು. ಒಂದು ವರ್ಷ ಕಾದು ನೋಡಲಾಯಿತು. ಮೂರನೆಯ ತಿಂಗಳಿಗೇ ಎಕ್ಸ್‌ರೇ ತೆಗೆದು ಗೆದ್ದೆವೆನ್ನುವ ಅಧ್ಯಯನಗಳ ನಡುವೆ ಇದು ಬೇರೆಯಾಗಿಯೇ ಕಾಣುತ್ತದೆ.

ಆದರೆ ಕುರಿಯ ವಯಸ್ಸು ಎಷ್ಟು? ಎಳೆಯ ಕುರಿಯ ಮೂಳೆ ಇಟ್ಟಿಗೆ ಜೋಡಿಸಿದಂಥ ಪದರ ಪದರದ್ದು. ಅದು ಬಹಳ ಬೇಗ ಬೆಳೆಯುತ್ತದೆ. ಮನುಷ್ಯನ ಮೂಳೆಯಲ್ಲಿರುವಂತೆ ರಕ್ತನಾಳದ ಸುತ್ತ ಉರುಟಾಗಿ ಹಳತು ಕರಗಿ ಹೊಸತು ಕಟ್ಟುವ ಕ್ರಮ ಕುರಿಯಲ್ಲಿ ಎದ್ದು ಕಾಣುವುದು ಏಳೆಂಟು ವರ್ಷ ತುಂಬಿದ ಮೇಲೆ. ಎರಡು ವರ್ಷದ ಕುರಿಯಲ್ಲಿ ಬೇಗ ಕೂಡಿದ ಮೂಳೆಯನ್ನು ತೋರಿಸಿ ಅರವತ್ತೈದರ ಅಜ್ಜಿಗೆ ಭರವಸೆ ಕೊಡುವುದು ಸರಿಯಲ್ಲ. ತಳಿಯ ಪ್ರಶ್ನೆಯೂ ಇದೆ. ನಮ್ಮ ಮಂಡ್ಯ ಸೀಮೆಯ ಬಂಡೂರು ಕುರಿ ಗಿಡ್ಡ ಕಾಲಿನದು, ಮೆರಿನೊಗಿಂತ ಬಹಳ ಹಗುರ. ಮೂಳೆಯ ದಪ್ಪದ ಎರಡು, ಎರಡೂವರೆ ಪಟ್ಟು ಉದ್ದದ ತುಂಡು ಹೋದರೆ ಅದು ತಾನಾಗಿ ಕೂಡುವುದಿಲ್ಲ ಎಂಬುದು ಸಾಮಾನ್ಯ ಲೆಕ್ಕ. ಆದ್ದರಿಂದ ಹೊರದೇಶದ ಮೂರು ಸೆಂಟಿಮೀಟರನ್ನು ಇಲ್ಲಿ ಹಾಗೆಯೇ ನಕಲು ಮಾಡಿದರೆ ಪರೀಕ್ಷೆಯ ಅರ್ಥವೇ ಬದಲಾಗುತ್ತದೆ.

ಇದಕ್ಕಿಂತ ದೊಡ್ಡ ಅಂತರ ಗಾಯದ ಸ್ವರೂಪದಲ್ಲಿದೆ. ಪ್ರಯೋಗದ ಕುರಿ ಆರೋಗ್ಯವಾಗಿರುತ್ತದೆ. ಅರಿವಳಿಕೆ ಕೊಟ್ಟು, ಶುಚಿಯಾದ ಕೊಠಡಿಯಲ್ಲಿ, ಗರಗಸದಿಂದ ನೇರವಾಗಿ ಮೂಳೆ ಕೊಯ್ಯುತ್ತಾರೆ. ರಾತ್ರಿ ಮೈಸೂರು ರಸ್ತೆಯಲ್ಲಿ ಬಿದ್ದವನ ಕಾಲಿಗೆ ಮಣ್ಣು ಮೆತ್ತಿರುತ್ತದೆ, ಚರ್ಮ ಹರಿದಿರುತ್ತದೆ, ರಕ್ತನಾಳ ನಜ್ಜುಗುಜ್ಜಾಗಿರುತ್ತದೆ. ಅವನಿಗೆ ಸಕ್ಕರೆ ಕಾಯಿಲೆಯಿರಬಹುದು, ಸಿಗರೇಟಿನ ಚಟವಿರಬಹುದು. ಮೂಳೆ ಕೂಡದಿರಲು ಮುಖ್ಯ ಕಾರಣಗಳೇ ಇವು. ಕುರಿಯ ಪರೀಕ್ಷೆ ಈ ಕಾರಣಗಳನ್ನೇ ಹೊರಗಿಟ್ಟು ಶುರುವಾಗುತ್ತದೆ.

ಹಾಗೆಂದು ದೊಡ್ಡ ಪ್ರಾಣಿಗಳನ್ನು ಬಿಟ್ಟೇಬಿಡಬೇಕೆ? ಮೂಳೆಯ ವಿಷಯದಲ್ಲಿ ಇವತ್ತಿಗೆ ಆಗದ ಮಾತು. ದೇಹದ ಭಾರ ಹೊತ್ತು, ದಿನಕ್ಕೆ ಸಾವಿರಾರು ಸಲ ಬಾಗಿ ಬಳಲುವ ಕಾಲಿನ ಪರಿಸ್ಥಿತಿಯನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶ ತೋರಿಸಲಾರದು. ಭಾರತದ 2017ರ ವೈದ್ಯಕೀಯ ಸಾಧನಗಳ ನಿಯಮಾವಳಿಯೂ ಹೊಸ ಸಾಧನಗಳನ್ನು ರೋಗಿಗಳ ಮೇಲೆ ಪರೀಕ್ಷಿಸುವ ಮೊದಲು ಪ್ರಾಣಿಗಳಲ್ಲಿ ಅವು ಹೇಗೆ ಕೆಲಸ ಮಾಡಿದವೆಂಬ ವಿವರ ಕೇಳುತ್ತದೆ. ಇಲಿ, ಮೊಲಗಳ ಪ್ರಯೋಗಕ್ಕೆ ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ ಸಾಕು. ದೊಡ್ಡ ಪ್ರಾಣಿಗಳಾದರೆ ಕೇಂದ್ರದ ಸಮಿತಿಯೇ ಒಪ್ಪಬೇಕು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯವರು ಆಡಿನ ತೊಡೆಮೂಳೆಯಲ್ಲಿ ಸಿಲಿಕಾ ಲೇಪದ ಹೈಡ್ರಾಕ್ಸಿಅಪಟೈಟ್ ಎಂಬ ಸೆರಾಮಿಕ್ ತುಂಬಿ ಒಂದು ವರ್ಷ ಗಮನಿಸಿದ ಅಧ್ಯಯನ, ಇಂಥ ತಾಳ್ಮೆಯ ಕೆಲಸ ನಮ್ಮಲ್ಲೂ ಸಾಧ್ಯವೆಂದು ತೋರಿಸಿದೆ.

ಬೆಂಗಳೂರಿಗೆ ಇನ್ನೂ ಒಂದು ಅನುಕೂಲವಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೂಳೆಗೆ ಬೇಕಾದ ಸೆರಾಮಿಕ್, ಪಾಲಿಮರ್‌ಗಳ ಸಂಶೋಧನೆ ವರ್ಷಗಳಿಂದ ನಡೆದಿದೆ. ಅಲ್ಲಿಂದ ಸ್ವಲ್ಪ ದೂರದಲ್ಲೇ, ಹೆಬ್ಬಾಳದಲ್ಲಿ, 1958ರಲ್ಲಿ ಶುರುವಾದ ಪಶುವೈದ್ಯಕೀಯ ಕಾಲೇಜಿದೆ. ಅಲ್ಲಿನ ಆಸ್ಪತ್ರೆಗೆ ವಾಹನಕ್ಕೆ ಸಿಕ್ಕಿ ಕಾಲು ಮುರಿದುಕೊಂಡ ನಾಯಿಗಳು ಬರುತ್ತವೆ. ಅವುಗಳ ಗಾಯವೂ ಬೀದಿಯ ಗಾಯವೇ: ಮಣ್ಣು, ಸೋಂಕು, ಮುದಿತನ ಎಲ್ಲ ಸೇರಿದ್ದು. ಸುರಕ್ಷಿತವೆಂದು ಮೊದಲೇ ಖಚಿತವಾದ ಹೊಸ ಚಿಕಿತ್ಸೆಯನ್ನು, ಸಾಕಿದವರ ಒಪ್ಪಿಗೆ ಪಡೆದು, ಇಂಥ ನಾಯಿಗಳಿಗೆ ಕೊಟ್ಟು ಈಗಿನ ಚಿಕಿತ್ಸೆಯೊಡನೆ ಹೋಲಿಸಬಹುದು. ಒಂದರಂತೆ ಇನ್ನೊಂದು ಗಾಯ ಇರುವುದಿಲ್ಲವಾದ್ದರಿಂದ ಲೆಕ್ಕ ಕಷ್ಟವಾಗುತ್ತದೆ, ಹೆಚ್ಚು ನಾಯಿಗಳು, ಹೆಚ್ಚು ಕಾಲ ಬೇಕಾಗುತ್ತದೆ. ಆದರೆ ಯಾವ ಪ್ರಾಣಿಯ ಮೂಳೆಯನ್ನೂ ಪ್ರಯೋಗಕ್ಕೆಂದೇ ಮುರಿಯಬೇಕಿಲ್ಲ, ನಾಯಿಗೂ ಚಿಕಿತ್ಸೆ ಸಿಗುತ್ತದೆ.

ಉಳಿದಿರುವುದು ಸೋತ ಪ್ರಯೋಗಗಳ ವಿಷಯ. ಹತ್ತು ಆಡುಗಳಲ್ಲಿ ಮೂಳೆ ಕೂಡದೆ ಹೋದ ಸಂಗತಿ ಕಪಾಟಿನಲ್ಲೇ ಉಳಿದರೆ, ಅದೇ ತಪ್ಪನ್ನು ಮಾಡಲು ಮತ್ತೆ ಹತ್ತು ಆಡುಗಳು ಬೇಕಾಗುತ್ತವೆ. ಪ್ರಯೋಗ ಶುರುವಾಗುವ ಮೊದಲೇ ಅದರ ವಿವರ ದಾಖಲಿಸುವ ಸಾರ್ವಜನಿಕ ವ್ಯವಸ್ಥೆ ಜರ್ಮನಿಯಲ್ಲಿ 2019ರಿಂದ ಇದೆ. ನಮ್ಮಲ್ಲೂ ಅಂಥದೊಂದು ಬೇಕು. ಎಚ್. ನರಸಿಂಹಯ್ಯನವರು 1962ರಲ್ಲಿ ಕಟ್ಟಿದ ಬೆಂಗಳೂರು ವಿಜ್ಞಾನ ವೇದಿಕೆ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ವಿಜ್ಞಾನಿಗಳನ್ನು ಜನರ ಎದುರು ನಿಲ್ಲಿಸುತ್ತ ಬಂದಿದೆ. ಅಂಥ ಸಭೆಯಲ್ಲಿ ಈ ಬೇಡಿಕೆ ಏಳಬೇಕು. ದೊಡ್ಡ ಪ್ರಾಣಿಯ ಪ್ರಯೋಗಕ್ಕೆ ಒಪ್ಪಿಗೆ ಕೊಡುವಾಗಲೇ ಕೇಂದ್ರ ಸಮಿತಿ ಪ್ರಾಣಿಯ ವಯಸ್ಸು, ತಳಿ, ಹೋಲಿಕೆಯ ಚಿಕಿತ್ಸೆ, ಕಾಯುವ ಅವಧಿ ಇಷ್ಟನ್ನೂ ಮೊದಲೇ ಬರೆಸಿಕೊಳ್ಳಲಿ. ಫಲಿತಾಂಶ ಏನೇ ಬಂದರೂ ಪ್ರಕಟಿಸಬೇಕೆಂಬ ಷರತ್ತನ್ನೂ ಹಾಕಲಿ. ಹಾಗಾದರೆ ಗಾಂಧಿ ಬಜಾರಿನ ರೋಗಿಯೊಬ್ಬರು ದುಬಾರಿ ಬೆಲೆಯ ಮೂಳೆಪುಡಿಗೆ ಹಣ ಕಟ್ಟುವ ಮೊದಲು, ಇದನ್ನು ಎಲ್ಲಿ, ಯಾವುದರ ಎದುರು ಪರೀಕ್ಷಿಸಿದ್ದಾರೆಂದು ಕೇಳಿದಾಗ ವೈದ್ಯರ ಬಳಿ ತೋರಿಸಲು ಒಂದು ದಾಖಲೆಯಿರುತ್ತದೆ.