ಮಾತಾಡದವನ ಕತೆ

ಟಾಮ್ ವುಲ್ಫ್‌ನ ‘ದಿ ರೈಟ್ ಸ್ಟಫ್’ (1979) ಓದಿದವರಿಗೆ ಗಸ್ ಗ್ರಿಸಮ್ ಎಂದರೆ ಮೊದಲು ನೆನಪಾಗುವುದು ಆ ಬಾಗಿಲು. 1961ರ ಜುಲೈ 21ರಂದು ಹದಿನೈದು ನಿಮಿಷದ ಯಾನ ಮುಗಿಸಿ ಆತನ ಲಿಬರ್ಟಿ ಬೆಲ್ 7 ಅಟ್ಲಾಂಟಿಕ್‌ಗೆ ಇಳಿಯಿತು. ಹೆಲಿಕಾಪ್ಟರ್ ಎತ್ತುವ ಮೊದಲೇ ಬಾಗಿಲು ಸಿಡಿದು ಕಳಚಿತು, ನೀರು ನುಗ್ಗಿ ನೌಕೆ ಮುಳುಗಿತು. ಗ್ರಿಸಮ್ ಕೂಡ ಮುಳುಗುವುದರಲ್ಲಿದ್ದ. ತಾನು ಗುಂಡಿ ಒತ್ತಲಿಲ್ಲ ಎಂದು ಆತ ಕೊನೆವರೆಗೂ ಹೇಳಿದ. ವಿಚಾರಣೆಯೂ ಆತನ ಮೇಲೆ ತಪ್ಪು ಹೊರಿಸಲಿಲ್ಲ.

ವುಲ್ಫ್ ಕೂಡ ತನ್ನ ಬಾಯಿಂದ ಹೊರಿಸುವುದಿಲ್ಲ. ಪುಸ್ತಕದ ಜಾಣತನ ಇರುವುದೇ ಅಲ್ಲಿ. ಈ ಘಟ್ಟಕ್ಕೆ ಬಂದಾಗ ನಿರೂಪಕ ಪರೀಕ್ಷಾ ಪೈಲಟ್‌ಗಳ ಗುಂಪಿನ ದನಿಯೊಳಗೆ ಸೇರಿಕೊಳ್ಳುತ್ತಾನೆ: ನಾಡಿ ವಿಪರೀತ ಏರಿತ್ತು, ನೆನಪಿನ ಕಾಣಿಕೆಗೆಂದು ಒಯ್ದಿದ್ದ ನಾಣ್ಯದ ಸುರುಳಿಗಳು ನೀರಿನಲ್ಲಿ ಭಾರವಾದವು. ಕನ್ನಡದಲ್ಲಾದರೆ ಇಂಥ ಕಡೆ ‘ಅಂತೆ’ ಎಂದು ಸೇರಿಸುತ್ತೇವೆ, ಕೇಳುವವರು ಎಚ್ಚರವಾಗುತ್ತಾರೆ. ವುಲ್ಫ್‌ನ ವಾಕ್ಯಗಳಿಗೆ ಆ ಬಾಲವಿಲ್ಲ. ಗುಂಪಿನ ಗುಸುಗುಸು ಎಲ್ಲಿ ಮುಗಿಯಿತು, ಲೇಖಕನ ತೀರ್ಪು ಎಲ್ಲಿ ಶುರುವಾಯಿತು ಎಂದು ಗೊತ್ತಾಗುವುದಿಲ್ಲ. ಕಾದಂಬರಿಯಲ್ಲಿ ಇದು ಸೊಗಸು. ಇಲ್ಲಿರುವುದು ನಿಜವಾದ ಹೆಸರಿನ ಮನುಷ್ಯ. ಪುಸ್ತಕ ಬರುವ ಹೊತ್ತಿಗೆ ಆತ ಸತ್ತು ಹನ್ನೆರಡು ವರ್ಷ.

1962ರಲ್ಲಿ ವಾಲಿ ಶಿರಾ ಹಡಗಿನ ಮೇಲೆ ತನ್ನ ನೌಕೆಯ ಬಾಗಿಲನ್ನು ಬೇಕೆಂದೇ ಸಿಡಿಸಿದಾಗ ಗುಂಡಿ ಒತ್ತಿದ ಕೈಗೆ ಪೆಟ್ಟಾಯಿತು. ಗ್ರಿಸಮ್‌ನ ಕೈಯಲ್ಲಿ ಅಂಥ ಗುರುತಿರಲಿಲ್ಲ. 1983ರ ಸಿನಿಮಾಕ್ಕಂತೂ ಇಂಥ ಅನುಮಾನಗಳ ಹಂಗಿಲ್ಲ, ಫ್ರೆಡ್ ವಾರ್ಡ್‌ನ ಗ್ರಿಸಮ್ ಅಲ್ಲಿ ನೇರವಾಗಿ ಗಾಬರಿಬೀಳುತ್ತಾನೆ.

ಬೇಸರದ ಸಂಗತಿಯೆಂದರೆ, ಗ್ರಿಸಮ್‌ನ ಮೌನವನ್ನು ಚೆನ್ನಾಗಿ ಹಿಡಿದವನೂ ವುಲ್ಫನೇ. ರಾಕೆಟ್ ಕಾರ್ಖಾನೆಯಲ್ಲಿ ಭಾಷಣಕ್ಕೆ ಎಬ್ಬಿಸಿದಾಗ ‘ಒಳ್ಳೆಯ ಕೆಲಸ ಮಾಡಿ’ ಎಂದಷ್ಟೇ ಹೇಳಿದ ಆತನಿಗೆ ಕಾರ್ಮಿಕರು ಕೇಕೆ ಹಾಕುವ ಪ್ರಸಂಗ ಮರೆಯುವಂಥದ್ದಲ್ಲ. ಅಷ್ಟು ಕಡಿಮೆ ಮಾತಿನವನು ಸಮುದ್ರದ ವಿಷಯದಲ್ಲೂ ಹೆಚ್ಚು ವಾದಿಸಲಿಲ್ಲ ಎಂಬುದನ್ನು ಅದೇ ಲೇಖಕ ಬೇರೆ ರೀತಿ ಓದಿದ.

ಮರ್ಕ್ಯುರಿ ಯಾನಗಳ ಕತೆ ಹೇಳುವ ಈ ಪುಸ್ತಕದ ಚೌಕಟ್ಟಿನಾಚೆ ಇನ್ನೆರಡು ಬಾಗಿಲುಗಳಿವೆ. 1967ರ ಜನವರಿ 27ರಂದು ಅಪೊಲೊ 1ರ ತಾಲೀಮಿನಲ್ಲಿ ಶುದ್ಧ ಆಮ್ಲಜನಕ ತುಂಬಿದ್ದ ಕೋಣೆಗೆ ಬೆಂಕಿ ಹತ್ತಿದಾಗ ಒಳಮುಖವಾಗಿ ತೆರೆಯುವ ಬಾಗಿಲು ಒತ್ತಡಕ್ಕೆ ಬಿಗಿದುಕೊಂಡಿತು. ಗ್ರಿಸಮ್, ಎಡ್ ವೈಟ್, ರೋಜರ್ ಶಾಫಿ ಮೂವರೂ ಹೊರಬರಲಿಲ್ಲ. ಅದಕ್ಕೂ ಎರಡು ವರ್ಷ ಮೊದಲು, 1965ರ ಮಾರ್ಚ್‌ನಲ್ಲಿ, ಜಾನ್ ಯಂಗ್ ಜೊತೆ ಜೆಮಿನಿ 3ರ ಒಳಹೊಕ್ಕಾಗ ಆ ನೌಕೆಗೆ ಗ್ರಿಸಮ್ ಇಟ್ಟಿದ್ದ ಹೆಸರು ಮಾಲಿ ಬ್ರೌನ್. ಬ್ರಾಡ್‌ವೇ ಸಂಗೀತ ನಾಟಕವೊಂದರ ನಾಯಕಿ ಅವಳು. ಟೈಟಾನಿಕ್ ಮುಳುಗಿದರೂ ತಾನು ಮುಳುಗದವಳು. ನಾಸಾದ ಅಧಿಕಾರಿಗಳಿಗೆ ಹೆಸರು ಹಿಡಿಸಲಿಲ್ಲ. ಗ್ರಿಸಮ್ ಬದಲಿಸಲಿಲ್ಲ.