ನೀಲಿ ಚುಕ್ಕೆಯ ಬೆಂಗಳೂರು

ಪುಸ್ತಕ ಬಂದರೆ ವಿಮರ್ಶೆ ಬರೆಯುತ್ತಾರೆ. ನಾಟಕ, ಯಕ್ಷಗಾನ, ಸಿನಿಮಾ ಯಾವುದನ್ನೂ ಬಿಡುವುದಿಲ್ಲ. ಆದರೆ ಈಗ ನಾವು ಪುಸ್ತಕಕ್ಕಿಂತ ಹೆಚ್ಚಾಗಿ ಬಿಚ್ಚಿ ನೋಡುವ ಮೊಬೈಲಿನ ನಕ್ಷೆಗೆ ಮಾತ್ರ ವಿಮರ್ಶಕರಿಲ್ಲ. 'ದಾರಿ ತೋರಿಸಿತು', 'ದಾರಿ ತಪ್ಪಿಸಿತು' ಎಂಬ ಎರಡು ಮಾತಿಗೆ ಅದರ ಕಥೆ ಮುಗಿಯುತ್ತದೆ. ನನ್ನನ್ನು ಕೇಳಿದರೆ ಅದೂ ಒಂದು ಕೃತಿಯೇ. ಅದನ್ನು ಬರೆದವರಿದ್ದಾರೆ, ಬರೆದವರ ಮನಸ್ಸಿನಲ್ಲಿ ಒಬ್ಬ ಓದುಗನೂ ಇದ್ದಾನೆ. ಆ ಓದುಗ ನಾವು ಹೌದೋ ಅಲ್ಲವೋ ಎಂಬುದು ನನ್ನ ಪ್ರಶ್ನೆ.

ಪ್ರಶ್ನೆ ಸಣ್ಣದಲ್ಲ. ಕುಮಟೆ, ಹೊನ್ನಾವರ, ಭಟ್ಕಳದ ಕಡೆಯ ಹೆಂಗಸರು ಬೆಂಗಳೂರಿಗೆ ಹೋಗುವುದು ಸುಮ್ಮನೆ ಅಲ್ಲ. ಮಗಳ ಬಾಣಂತನ, ಮಗನ ಹೊಸ ಮನೆ, ಇಲ್ಲವೇ ಆಸ್ಪತ್ರೆ. ನಮ್ಮ ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕೆಂದು 2022ರಲ್ಲಿ ಎಷ್ಟು ದೊಡ್ಡ ಕೂಗು ಎದ್ದಿತ್ತು, ನಿಮಗೂ ನೆನಪಿರಬೇಕು. ಹಿಂದೆಲ್ಲ ಇಂಥ ಪ್ರಯಾಣಕ್ಕೆ ಜೊತೆಗೊಬ್ಬ ಗಂಡಸು ಬೇಕಿತ್ತು. ಅವನಿಗೆ ರಜೆ ಸಿಗುವವರೆಗೆ ನಮ್ಮ ಕಾಯಿಲೆಯೂ ಕಾಯಬೇಕಿತ್ತು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಸರ್ಕಾರಿ ಸಾಮಾನ್ಯ ಬಸ್ಸಿನ ಟಿಕೆಟ್ಟಿನ ಚಿಂತೆ ಹೋಯಿತು. ಉಳಿದದ್ದು ಒಂದೇ ಹೆದರಿಕೆ: 'ಅಲ್ಲಿ ಇಳಿದ ಮೇಲೆ ಹೇಗೆ?' ಆ ಹೆದರಿಕೆಗೆ ಮದ್ದು ಕೊಟ್ಟದ್ದು ಈ ನಕ್ಷೆ. ಮೊದಲು ಅದರ ಗುಣವನ್ನೇ ಹೇಳುತ್ತೇನೆ.

ಗೂಗಲ್ ಮ್ಯಾಪ್ಸ್ ಶುರುವಾದದ್ದು 2005ರಲ್ಲಿ. ಬೀದಿಯ ಚಿತ್ರವನ್ನೇ ತೋರಿಸುವ ಅದರ ಸ್ಟ್ರೀಟ್ ವ್ಯೂ ಕೆಲಸ 2011ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. ಆದರೆ ಪೊಲೀಸರ ಆಕ್ಷೇಪದಿಂದ ಅದೇ ವರ್ಷ ನಿಂತಿತು. ಮತ್ತೆ ಬಂದದ್ದು 2022ರಲ್ಲಿ. 2021ರಲ್ಲಿ ಊರು, ಅಂಗಡಿ, ಆಸ್ಪತ್ರೆಗಳ ಹೆಸರುಗಳನ್ನು ಕನ್ನಡ ಲಿಪಿಯಲ್ಲಿ ತೋರಿಸುವ ಏರ್ಪಾಡೂ ಬಂತು. ಇದರಿಂದ ಏನಾಯಿತು ನೋಡಿ. ಬಾಡದ ಜಗಲಿಯಲ್ಲಿ ಕೂತವಳು ಊಟದ ತಟ್ಟೆ ತೊಳೆದಿಟ್ಟು ಬಂದು ಬೆಂಗಳೂರಿನ ಬೀದಿಯಲ್ಲಿ ಅಡ್ಡಾಡಬಹುದು. ಬಸ್ಸು ನಿಲ್ಲುವ ಜಾಗದಲ್ಲಿ ನೆರಳಿದೆಯೇ, ಕಾಲುದಾರಿ ಇದೆಯೇ ಎಂದು ಮೊದಲೇ ಕಣ್ಣಾಡಿಸಬಹುದು. ಕಬ್ಬನ್ ಪಾರ್ಕಿನಲ್ಲಿ 1915ರಿಂದ ಇರುವ ಕೆಂಪು ಗ್ರಂಥಾಲಯ, ಅಲ್ಲೇ ಹತ್ತಿರದ ವಿಶ್ವೇಶ್ವರಯ್ಯ ವಸ್ತು ಸಂಗ್ರಹಾಲಯ. ಅಲ್ಲಿಂದ ಮೆಟ್ರೋ ಹತ್ತಿ ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗ ಬಿಟ್ಟು ಹಸಿರು ಮಾರ್ಗ ಹಿಡಿದರೆ ಲಾಲ್‌ಬಾಗ್. ಅದರ ಹಿಂದಿನ ನಿಲ್ದಾಣ ನ್ಯಾಷನಲ್ ಕಾಲೇಜಿನಲ್ಲಿ ಇಳಿದರೆ ಬಸವನಗುಡಿ, ಗಾಂಧಿಬಜಾರು. ಒಂದು ದಿನದ ಈ ಸುತ್ತಾಟವನ್ನು ಯಾರ ಬಾಯಿಯನ್ನೂ ನೋಡದೆ ಒಬ್ಬಳೇ ಜೋಡಿಸಿಟ್ಟುಕೊಳ್ಳುವುದು ಸಣ್ಣ ಸ್ವಾತಂತ್ರ್ಯವಲ್ಲ.

ಇನ್ನು ದೋಷಗಳು. ಶಾಲೆಯಲ್ಲಿ ನಾವು ಮಕ್ಕಳಿಗೆ ಹೇಳಿಕೊಡುತ್ತೇವಲ್ಲ, ನಕ್ಷೆ ಓದಲು ಮೂರು ಬೇಕು: ದಿಕ್ಕು, ಪ್ರಮಾಣ, ಸಂಕೇತ. ಅದೇ ಕ್ರಮದಲ್ಲಿ ನೋಡೋಣ.

ದಿಕ್ಕು. ಗೋಡೆಯ ನಕ್ಷೆಯಲ್ಲಿ ಉತ್ತರ ಮೇಲಿರುತ್ತದೆ. ನಾವು ಎಲ್ಲಿ ನಿಂತರೂ ಅದು ಕದಲುವುದಿಲ್ಲ. ಮೊಬೈಲಿನಲ್ಲಿ ದಾರಿ ಹಿಡಿದು ಹೊರಟರೆ ನೀಲಿ ಚುಕ್ಕೆಯಾದ ನಾನೇ ನಡುಮಧ್ಯ. ನಾನು ತಿರುಗಿದರೆ ಊರೇ ತಿರುಗುತ್ತದೆ. ಇದು ಹಿತವಾಗಿಯೇ ಇದೆ. ಆದರೆ ಎರಡು ದಿನ ಸುತ್ತಿ ಬಂದವಳನ್ನು 'ಮೆಜೆಸ್ಟಿಕ್ಕಿಗೆ ಲಾಲ್‌ಬಾಗ್ ಯಾವ ದಿಕ್ಕು?' ಎಂದು ಕೇಳಿ ನೋಡಿ. 'ಎಡಕ್ಕೆ ತಿರುಗಿ' ಎಂದದ್ದು ನೆನಪಿರುತ್ತದೆಯೇ ಹೊರತು ಊರಿನ ಆಕಾರ ಮನಸ್ಸಿಗೆ ಇಳಿದಿರುವುದಿಲ್ಲ. ನಮಗೆ ಪಡುವಣವೆಂದರೆ ಕಡಲು, ಮೂಡಣವೆಂದರೆ ಘಟ್ಟ. ಎರಡೂ ಇಲ್ಲದ ಊರಿನಲ್ಲಿ ದಿಕ್ಕು ಕಳೆದುಕೊಂಡರೆ, ಬ್ಯಾಟರಿ ಮುಗಿದ ಗಳಿಗೆಯಲ್ಲಿ ಪೂರ್ತಿ ಪರದೇಶಿಗಳಾಗುತ್ತೇವೆ.

ಪ್ರಮಾಣ. ಇಲ್ಲಿ ದೂರವನ್ನು ಮೈಲಿಗಿಂತ ನಿಮಿಷದಲ್ಲಿ ಅಳೆಯುತ್ತಾರೆ. ಯಾರ ನಿಮಿಷ? ನಡೆಯುವ ದಾರಿಗೆ ಹಾಕುವ ಲೆಕ್ಕ ಗಂಟೆಗೆ ಸುಮಾರು 5 ಕಿಲೋಮೀಟರ್. ಮಂಡಿನೋವಿನ ಅಮ್ಮ, ಕೈಯಲ್ಲಿ ಚೀಲ, ಕಂಕುಳಲ್ಲಿ ಮೊಮ್ಮಗು ಆ ಲೆಕ್ಕದಲ್ಲಿಲ್ಲ. ಬೇಗ ಮುಟ್ಟುವ ದಾರಿಯೇ ಒಳ್ಳೆಯ ದಾರಿ ಎಂಬುದು ಈ ಕೃತಿಯ ತಳಹದಿಯ ನಂಬಿಕೆ. ನಮಗೋ, 10 ನಿಮಿಷ ತಡವಾದರೂ ಬದಲಿಸದೆ ಹೋಗುವ ಬಸ್ಸೇ ಒಳ್ಳೆಯದು. ಬೆಳಕಿರುವ ಬೀದಿಯೇ ಹತ್ತಿರದ್ದು. ಇನ್ನೊಂದು ಮಾತು. ಹಿರಿಗಾತ್ರ ಮಾಡಿದರೆ ಕಾಣುವ ಸಣ್ಣ ಅಂಗಡಿ, ಗುಡಿ, ಓಣಿಯ ಹೆಸರು, ಕಿರಿದು ಮಾಡಿದೊಡನೆ ಮಾಯ. ಯಾವುದು ಉಳಿಯಬೇಕು, ಯಾವುದು ಅಳಿಯಬೇಕು ಎಂದು ತೀರ್ಮಾನಿಸುವವರು ನಾವಲ್ಲ.

ಸಂಕೇತ. ರಸ್ತೆಯ ಮೇಲೆ ಕೆಂಪು ಎಂದರೆ ವಾಹನ ದಟ್ಟಣೆ. ಇದು ಹೇಗೆ ಗೊತ್ತಾಗುತ್ತದೆ ಎಂದುಕೊಂಡಿರಿ? ರಸ್ತೆಯಲ್ಲಿ ಹೋಗುವವರ ಮೊಬೈಲುಗಳು ಎಷ್ಟು ವೇಗವಾಗಿ ಸರಿಯುತ್ತಿವೆ ಎಂಬುದರಿಂದ. 2020ರಲ್ಲಿ ಸೈಮನ್ ವೆಕರ್ಟ್ ಎಂಬ ಜರ್ಮನ್ ಕಲಾವಿದ ಒಂದು ಸಣ್ಣ ಕೈಗಾಡಿಯಲ್ಲಿ 99 ಹಳೆಯ ಮೊಬೈಲುಗಳನ್ನು ತುಂಬಿ ಬರ್ಲಿನ್ನಿನ ಖಾಲಿ ಬೀದಿಯಲ್ಲಿ ನಿಧಾನವಾಗಿ ಎಳೆದುಕೊಂಡು ಹೋದನಂತೆ. ನಕ್ಷೆಯಲ್ಲಿ ಆ ಬೀದಿ ಕೆಂಪಾಯಿತು! ಓದಿ ನಗು ಬಂತು. ಆಮೇಲೆ ಯೋಚನೆಯೂ ಬಂತು. ಖಾಲಿ ಬೀದಿಯಲ್ಲಿ 99 ಮೊಬೈಲಿದ್ದರೆ ಅಲ್ಲಿ ಜನಜಂಗುಳಿ. ಹಾಗಾದರೆ ಮೊಬೈಲಿಲ್ಲದೆ ಬುಟ್ಟಿ ಹೊತ್ತು ನಡೆಯುವ 99 ಹೆಂಗಸರಿದ್ದರೆ? ನಕ್ಷೆಯ ಪಾಲಿಗೆ ಆ ಬೀದಿ ಖಾಲಿಯೇ. ನಮ್ಮೂರಿನ ಮೀನು ಮಾರುವವಳಿಗೆ, ಗಾಂಧಿಬಜಾರಿನಲ್ಲಿ ನೆಲದ ಮೇಲೆ ಕೂತು ಹೂ ಕಟ್ಟುವವಳಿಗೆ ನಕ್ಷತ್ರ ಹಾಕುವವರು ಯಾರು? ಐದು ನಕ್ಷತ್ರ ಸಿಗುವುದು ಬೋರ್ಡಿದ್ದ ಅಂಗಡಿಗೆ. ಹೆಂಗಸರಿಗೆ ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಶೌಚಾಲಯ. ಅದು ನಕ್ಷೆಯಲ್ಲಿ ಗುರುತಾಗಿದ್ದರೂ, ನೀರಿದೆಯೇ, ಬಾಗಿಲಿಗೆ ಚಿಲಕವಿದೆಯೇ ಎನ್ನುವುದಕ್ಕೆ ಯಾವ ಸಂಕೇತವೂ ಇಲ್ಲ.

ನಕ್ಷೆ ಎಲ್ಲವನ್ನೂ ತಾನೇ ಕಾಣುತ್ತದೆ ಎಂಬ ಭ್ರಮೆಯೂ ಬೇಡ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಜಾರಿ ಹೆದ್ದಾರಿ 66ರ ಮೇಲೆ ಬಿತ್ತು. ಆಗಸ್ಟ್ 7ರಂದು ನಡುರಾತ್ರಿಯ ಮೇಲೆ ಕಾರವಾರದ ಹಳೆಯ ಕಾಳಿ ಸೇತುವೆ ಕುಸಿಯಿತು. ಮಳೆಗಾಲದಲ್ಲಿ ಗುಡ್ಡದ ಮನಸ್ಸು ಯಾವ ನಕ್ಷೆಗೂ ಗೊತ್ತಿಲ್ಲ. ಯಾರಾದರೂ ಕಂಡು, ನಿಂತು, ತಿಳಿಸಿದ ಮೇಲೆಯೇ ಅದಕ್ಕೆ ಸುದ್ದಿ. ಹೊರಡುವ ಮುನ್ನ ಬಸ್ ನಿಲ್ದಾಣಕ್ಕೊಂದು ಫೋನು ಮಾಡುವ ನಮ್ಮ ಹಳೆಯ ಪದ್ಧತಿಯನ್ನು ಬಿಡಬೇಕಾಗಿಲ್ಲ.

ಹಾಗೆಂದು ನಕ್ಷೆಯನ್ನು ಮುಚ್ಚಿಡಿ ಎನ್ನುವವಳಲ್ಲ ನಾನು. ಓದುವ ಕ್ರಮ ಬದಲಾಯಿಸಿಕೊಳ್ಳಿ ಎನ್ನುತ್ತೇನೆ. ರಾತ್ರಿ 10ಕ್ಕೆ ಕೂತು ನಾಳೆಯ ದಾರಿ ನೋಡಿದರೆ ಅದು ಆ ಹೊತ್ತಿನ ಖಾಲಿ ರಸ್ತೆಯ ನಿಮಿಷ ಹೇಳುತ್ತದೆ. ಹೊರಡುವ ಹೊತ್ತು ಬೆಳಿಗ್ಗೆ 9 ಎಂದು ತಿದ್ದಿಕೊಳ್ಳಲು ಅವಕಾಶವಿದೆ. ಬಸ್ಸು-ಮೆಟ್ರೋದ ದಾರಿ ಕೇಳುವಾಗ 'ಕಡಿಮೆ ನಡಿಗೆ', 'ಕಡಿಮೆ ಬದಲಾವಣೆ' ಎಂಬ ಆಯ್ಕೆಗಳಿವೆ; ತಾನಾಗಿ ಮುಂದೆ ಬರುವುದಿಲ್ಲ, ಹುಡುಕಿ ಒತ್ತಬೇಕು. ಲಾಲ್‌ಬಾಗಿನ 240 ಎಕರೆಗೆ ಒಂದೇ ಗುರುತು ನೋಡಿ ಹೋಗಬೇಡಿ. ಯಾವ ಬಾಗಿಲು ಎಂದು ಕೇಳಿಕೊಳ್ಳಿ. ರೈಲಿನಲ್ಲಿ ಹೋಗುವವರು ಅದು ನಿಲ್ಲುವುದು ಮೆಜೆಸ್ಟಿಕ್ಕಿನಲ್ಲೋ, ಯಶವಂತಪುರದಲ್ಲೋ, ಬೈಯಪ್ಪನಹಳ್ಳಿಯ ಹೊಸ ನಿಲ್ದಾಣದಲ್ಲೋ ಎಂದು ಟಿಕೆಟ್ಟಿನಲ್ಲಿ ನೋಡಿಕೊಂಡೇ ನಕ್ಷೆ ತೆರೆಯಿರಿ. ಊರಿನ ಹೆಸರಿನ ಜೊತೆ ತಾಲೂಕನ್ನೂ ಸೇರಿಸಿ. ಬಾಡ ಒಂದೇ ಅಲ್ಲ. ಕನಕದಾಸರು ಹುಟ್ಟಿದ ಬಾಡ ಹಾವೇರಿ ಜಿಲ್ಲೆಯಲ್ಲಿದೆ! ಕೊನೆಗೆ ನಾಲ್ಕು ಸಾಲನ್ನು ಕಾಗದದ ಮೇಲೆ ಬರೆದು ಕುಪ್ಪಸದೊಳಗಿನ ಪರ್ಸಿಗೆ ಸೇರಿಸಿ. ಕೈಯಾರೆ ಬರೆದ ದಾರಿ ತಲೆಯಲ್ಲೂ ನಿಲ್ಲುತ್ತದೆ.

ಇನ್ನೂ ಒಂದು ಕೆಲಸ ಬಾಕಿ ಇದೆ. ಈ ನಕ್ಷೆಗೆ ಓದುಗರು ಬರೆಯಬಹುದು, ತಿದ್ದಬಹುದು. 2004ರಲ್ಲಿ ಆರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಅಂತೂ ಪೂರ್ತಿ ಜನರೇ ಬರೆಯುವ ನಕ್ಷೆ. ಈವರೆಗೆ ಅದನ್ನೆಲ್ಲ ಹುಡುಗರ ಕೆಲಸವೆಂದು ಬಿಟ್ಟಿದ್ದೇವೆ. ಹೋಗಿ ಬಂದವರು 'ಇಲ್ಲಿ ಶೌಚಾಲಯ ಚೊಕ್ಕಟವಾಗಿದೆ', 'ಈ ಓಣಿಯಲ್ಲಿ ಸಂಜೆ ದೀಪವಿಲ್ಲ' ಎಂದು ಒಂದು ಸಾಲು ಕನ್ನಡದಲ್ಲಿ ಬರೆದರೆ ಮುಂದೆ ಹೋಗುವವಳಿಗೆ ಅದೇ ಕೈದೀಪ. ನಮ್ಮನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯದ ಕೃತಿಯನ್ನು ದೂರುತ್ತ ಕೂರುವುದಕ್ಕಿಂತ, ಅದರ ಅಂಚಿನಲ್ಲಿ ನಮ್ಮ ಟಿಪ್ಪಣಿ ಬರೆಯುವುದು ಮೇಲಲ್ಲವೇ? ಏನಂತೀರಿ?