ಸೇಬನ್ನು ಬಿಡಿಸುವ ಪಟ್ಟಿ

ಉತ್ತರ ಮತ್ತು ಮಧ್ಯ ಯುರೋಪಿನಲ್ಲಿ ಏಪ್ರಿಲ್ ಬಂತೆಂದರೆ ಗಾಳಿಯ ತುಂಬ ಬರ್ಚ್ ಮರದ ಪರಾಗ. ಅದಕ್ಕೆ ಸೀನುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಹಸಿ ಸೇಬು ಕಚ್ಚಿದರೂ ತುಟಿ, ನಾಲಿಗೆ, ಗಂಟಲು ತುರಿಸುತ್ತವೆ. 1989ರಲ್ಲಿ ವಿಯೆನ್ನಾದ ಸಂಶೋಧಕರು ಬರ್ಚ್ ಪರಾಗದ ಬೆಟ್ ವಿ 1 ಪ್ರೋಟೀನಿನ ಜೀನನ್ನು ಬೇರ್ಪಡಿಸಿದ ಮೇಲೆ ಈ ನಂಟು ಸ್ಪಷ್ಟವಾಗುತ್ತ ಬಂತು. ಸೇಬಿನ ಮಾಲ್ ಡಿ 1 ಪ್ರೋಟೀನಿನ ರಚನೆ ಹೆಚ್ಚುಕಡಿಮೆ ಅದರದ್ದೇ. ಹಾಗಾಗಿ ಪರಾಗದ ವಿರುದ್ಧ ದೇಹ ತಯಾರಿಸಿಕೊಂಡ ಐಜಿಇ ಪ್ರತಿಕಾಯಗಳು ಹಣ್ಣಿನ ಮೇಲೂ ಎರಗುತ್ತವೆ. ಚೆರ್ರಿ, ಪೀಚ್, ಹೇಜಲ್‌ನಟ್, ಕ್ಯಾರೆಟ್, ಸೆಲೆರಿಗಳಲ್ಲೂ ಇದೇ ಕುಲದ ಪ್ರೋಟೀನುಗಳಿವೆ.

ಇಷ್ಟು ತಿಳಿದ ಮೇಲೂ ರೋಗಿಯ ಕೈಗೆ ‘ಇವನ್ನು ತಿನ್ನಬೇಡಿ’ ಎಂಬ ಉದ್ದನೆಯ ಪಟ್ಟಿ ಕೊಟ್ಟು ಕಳಿಸುವ ರೂಢಿ ಹೋಗಿಲ್ಲ. ನನ್ನ ತಕರಾರು ಈ ಪಟ್ಟಿಯ ಮೇಲೆ. ರಕ್ತದಲ್ಲಿ ಪ್ರತಿಕಾಯ ಕಂಡರೆ ದೇಹಕ್ಕೆ ಆ ಪ್ರೋಟೀನಿನ ಗುರುತಿದೆ ಎಂದಷ್ಟೇ ಅರ್ಥ, ತಿಂದರೆ ಬಾಧಿಸುತ್ತದೆ ಎಂದಲ್ಲ. ನಿನ್ನೆಯವರೆಗೆ ನಿಶ್ಚಿಂತೆಯಿಂದ ತಿನ್ನುತ್ತಿದ್ದ ಹಣ್ಣನ್ನೂ ಪಟ್ಟಿ ಕಸಿದುಕೊಳ್ಳುತ್ತದೆ. ಮಾಲ್ ಡಿ 1 ಕಾವಿಗೆ ಕೆಡುತ್ತದೆ, ಜಠರದಲ್ಲಿ ಬೇಗ ಜೀರ್ಣವಾಗುತ್ತದೆ. ಹಸಿ ಸೇಬು ಒಗ್ಗದವರಲ್ಲಿ ಬಹಳಷ್ಟು ಜನ ಬೇಯಿಸಿದ್ದನ್ನು ತಿನ್ನಬಲ್ಲರು. ತಳಿಯಿಂದ ತಳಿಗೂ ವ್ಯತ್ಯಾಸವುಂಟು: ಗೋಲ್ಡನ್ ಡೆಲಿಷಸ್ ಕಾಡಿದಷ್ಟು ನೆದರ್ಲೆಂಡ್ಸ್‌ನ ಸಾಂಟಾನಾ ಅನೇಕರನ್ನು ಕಾಡದು. ಪಟ್ಟಿಯಲ್ಲಿ ಮಾತ್ರ ಎಲ್ಲವೂ ಬರೀ ‘ಸೇಬು’.

ಹೀಗೆಂದು ಪಟ್ಟಿ ಅತಿ ಎಚ್ಚರದ್ದು ಎಂದು ಬಿಡುವಂತಿಲ್ಲ. ಎಚ್ಚರ ಬೇಕಾದಲ್ಲೇ ಅದು ಸಡಿಲ. ಸ್ಪೇನ್, ಇಟಲಿಗಳಲ್ಲಿ ಪೀಚ್ ಅಲರ್ಜಿಗೆ ಹೆಚ್ಚಾಗಿ ಕಾರಣವಾಗುವುದು ಪ್ರು ಪಿ 3 ಎಂಬ ಬೇರೆಯೇ ಪ್ರೋಟೀನು. ಸಿಪ್ಪೆಯಲ್ಲಿ ಹೇರಳವಾಗಿರುವ ಇದು ಕಾವಿಗೂ ಜಠರರಸಕ್ಕೂ ಜಗ್ಗದು. ಮೈಯೆಲ್ಲ ದದ್ದೆದ್ದು, ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಸಂಚಕಾರ ಬರಬಹುದು. ಇಂಥವರಿಗೆ ‘ಬೇಯಿಸಿ ತಿನ್ನಿ’ ಎನ್ನುವುದು ಅಪಾಯದ ಸಲಹೆ. ಬರ್ಚ್ ಕುಲದ ಪ್ರೋಟೀನೂ ಸದಾ ಸೌಮ್ಯವಲ್ಲ: ಬರ್ಚ್ ಅಲರ್ಜಿಯಿದ್ದವರು ಸೋಯಾ ಹಾಲನ್ನು ಗಟಗಟನೆ ಕುಡಿದು ತೀವ್ರ ತೊಂದರೆಗೆ ಸಿಲುಕಿದ್ದು ವೈದ್ಯಕೀಯ ದಾಖಲೆಗಳಲ್ಲಿದೆ.

ಆದ್ದರಿಂದ ಮೊದಲು ಕೇಳಬೇಕಾದದ್ದು: ಯಾವ ಹಣ್ಣು, ಹಸಿಯೋ ಬೆಂದದ್ದೋ, ತೊಂದರೆ ಬಾಯಿಗಷ್ಟೇ ನಿಂತಿತೋ ಮುಂದಕ್ಕೂ ಹೋಯಿತೋ. ಆಮೇಲೆ ಯಾವ ಪ್ರೋಟೀನು ಎಂದು ಬಿಡಿಸಿ ಹೇಳುವ ರಕ್ತಪರೀಕ್ಷೆ. ಚರ್ಮದ ಪರೀಕ್ಷೆಯಾದರೆ, ತಾಜಾ ಹಣ್ಣಿಗೇ ಸೂಜಿ ಚುಚ್ಚಿ ಅದನ್ನೇ ರೋಗಿಯ ಚರ್ಮಕ್ಕೆ ತಾಗಿಸುವ ಹಳೆಯ ವಿಧಾನವೇ ನನ್ನ ಆಯ್ಕೆ. ಸೀಸೆಯಲ್ಲಿ ಸಿಗುವ ಸಿದ್ಧ ಸಾರದಲ್ಲಿ ಮಾಲ್ ಡಿ 1 ಬೇಗ ಕೆಟ್ಟುಹೋಗುವುದರಿಂದ, ತುರಿಕೆ ನಿಜವಿದ್ದರೂ ಫಲಿತಾಂಶ ಏನೂ ಇಲ್ಲವೆಂದು ಬರಬಹುದು.